ಕಡ್ಲೆ ಹೊಟ್ಟಿನ ಒಲೆ

ಮೊಬೈಲು ಆಗಷ್ಟೇ ನಮ್ಮ ಬೀದಿಗೆ ಬಂದಿದ್ದ ಕಾಲ. ಹಿಂದೂಪುರದ ನಮ್ಮ ಮನೆಯ ಹಿತ್ತಲಲ್ಲಿ ತಗಡಿನ ಶೆಡ್ಡು, ಅದರೊಳಗೆ ನಾಲ್ಕು ಚರಕ. ರೇಷ್ಮೆಗೂಡನ್ನು ಬಿಸಿನೀರಲ್ಲಿ ಬೇಯಿಸಿ ನೂಲು ತೆಗೆಯುವುದು ನಮ್ಮ ಕಸುಬು. ನಮ್ಮತ್ತೆ ಒಲೆಯ ಮುಂದೆ ಕೂತು ಎಳೆ ಹಿಡಿಯುತ್ತಿದ್ದರು, ನಾನು ಚರಕ ತಿರುಗಿಸುತ್ತಿದ್ದೆ. ಬೆಳಗಿನಿಂದ ಸಂಜೆವರೆಗೆ ಒಲೆ ಸೌದೆ ನುಂಗುತ್ತಲೇ ಇರುತ್ತಿತ್ತು. ಹೊಗೆಗೆ ಅತ್ತೆಯ ಕಣ್ಣು ಸದಾ ಕೆಂಪು.

ಒಂದು ದಿನ ಪರಿಗಿ ಕಡೆಯಿಂದ ಬಂದ ಸೌದೆ ಟ್ರ್ಯಾಕ್ಟರಿನಲ್ಲಿ ಹುಣಸೆಮರದ ಕೊಂಬೆಗಳಿದ್ದವು. ಕಾಯಿ ಇನ್ನೂ ಜೋತಾಡುತ್ತಿದ್ದವು. ಅತ್ತೆ ಒಂದು ಕಾಯಿ ಕಿತ್ತು ಅಂಗೈಯಲ್ಲಿಟ್ಟು ನನಗೆ ತೋರಿಸಿದರು.

"ಕಾಯಿ ಬಿಡೋ ಮರಾನೇ ಕಡಿದ್ಬುಟ್ಟವ್ರೆ ಕಣಮ್ಮ. ಸೀರೆ ಉಡೋರು ಯಾವೂರಲ್ಲೋ ಅವ್ರೆ, ಮರ ಉರಿಯೋದು ನಮ್ಮ ಒಲೇಲಿ."

ಆ ಮಾತು ನನ್ನನ್ನು ಬಿಡಲಿಲ್ಲ.

ಮುಂದಿನ ವಾರ ತವರಿಗೆಂದು ಕಲ್ಯಾಣದುರ್ಗಕ್ಕೆ ಹೋಗಿದ್ದೆ. ಅಣ್ಣ ಕಡ್ಲೆಕಾಯಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಊಟದ ಬುತ್ತಿ ಕೊಡಲು ಹೋದಾಗ ಮಿಲ್ಲಿನ ಹಿಂದೆ ಹೊಟ್ಟಿನ ಗುಡ್ಡೆಗೆ ಬೆಂಕಿ ಹಾಕಿದ್ದರು. ವ್ಯಾಪಾರಕ್ಕೆ ಬೇಕಾದ್ದು ಒಳಗಿನ ಬೀಜ ಮಾತ್ರ. ಹೊಟ್ಟು ದಿನಗಟ್ಟಲೆ ಹಾಗೇ ಹೊಗೆಯಾಡುತ್ತಿತ್ತು. ಅಲ್ಲಿ ಸುಮ್ಮನೆ ಉರಿಯುತ್ತಿದ್ದ ಬೆಂಕಿಗಾಗಿ ನಾವು ಇಲ್ಲಿ ಮರ ಕಡಿಸುತ್ತಿದ್ದೆವು.

"ಅಣ್ಣಾ, ಎರಡು ಮೂಟೆ ಹೊಟ್ಟು ನಾನು ತಗೊಂಡೋಯ್ತೀನಿ," ಅಂದೆ.

ಅಣ್ಣ ನಕ್ಕುಬಿಟ್ಟ. "ತವರಿಂದ ಹೊಟ್ಟು ಹೊತ್ಕೊಂಡೋದ್ಳು ಅಂತ ನಿಮ್ಮತ್ತೆ ನನ್ನ ಬೈತಾರೆ ಕಣಮ್ಮ." ಆದರೂ ಮೂಟೆ ಕಟ್ಟಿ ಬಸ್ಸಿನ ಮೇಲೆ ತಾನೇ ಹಾಕಿಕೊಟ್ಟ.

ಮೊದಲ ದಿನ ಮರ್ಯಾದೆಯೇ ಹೋಯಿತು. ಹೊಟ್ಟು ಒಲೆಯ ಬಾಯಿಗೆ ಕಟ್ಟಿಕೊಂಡು ಉಸಿರಾಡದೆ ಹೊಗೆ ಉಗುಳಿತು. ನೀರು ಆರಿ ಎಳೆಗಳು ಪಟಪಟ ತುಂಡಾದವು. ಕೂಲಿಗೆ ಬಂದ ಹೆಂಗಸರು ಸೆರಗು ಮುಖಕ್ಕೆ ಹಿಡಿದು ಹೊರಗೆ ಓಡಿದರು. ಅತ್ತೆ ಮಾತ್ರ ಏಳಲಿಲ್ಲ. "ಹೊಟ್ಟಿನ ತಪ್ಪಲ್ಲ ಇದು, ಒಲೇದು," ಅಂದರು.

ಮರುದಿನವೇ ಬೀದಿ ಕೊನೆಯ ವೆಲ್ಡಿಂಗ್ ಅಂಗಡಿಯವನನ್ನು ಕರೆತಂದೆ. ಅವನು ಒಲೆಯೊಳಗೆ ಇಣುಕಿ ನೋಡಿ, ಹಳೇ ಡ್ರಮ್ಮಿನ ತಗಡಿನಿಂದ ಮೇಲೆ ಅಗಲ ಬಾಯಿಯ ಡಬ್ಬಿ, ಕೆಳಗೆ ಇಳಿಜಾರಾಗಿ ತೂತಿನ ತಟ್ಟೆ ಕೂರಿಸಿದ. ಡಬ್ಬಿಗೆ ಹೊಟ್ಟು ಸುರಿದರೆ ಉರಿದಷ್ಟು ಉರಿದು, ಮಿಕ್ಕದ್ದು ತಾನಾಗಿ ಜಾರಬೇಕು. ತೂತುಗಳು ಚಿಕ್ಕವಾದವೆಂದು ಎರಡು ಸಲ ಬಿಚ್ಚಿ ಮತ್ತೆ ಕೂರಿಸಿದ.

ಮೂರನೇ ಸಲ ಬೆಂಕಿ ಹೊತ್ತಿದ್ದು ಸದ್ದಿನಲ್ಲೇ ಗೊತ್ತಾಯಿತು. ಜ್ವಾಲೆ ಹಳದಿಯಾಗಿ, ಅಲುಗದೆ, ಒಂದೇ ಸಮ ಎದ್ದಿತು. ನೀರು ಕೊತಕೊತ ಕುದಿಯದೆ, ಆರದೆ, ಗೂಡಿಗೆ ಬೇಕಾದ ಹದದಲ್ಲೇ ನಿಂತಿತು. ಅತ್ತೆ ಎಳೆ ಹಿಡಿದರು, ನಾನು ಚರಕ ತಿರುಗಿಸಿದೆ. ಮಧ್ಯಾಹ್ನದವರೆಗೂ ನೂಲು ಕಡಿಯಲಿಲ್ಲ. ಹೊಗೆಯಿಲ್ಲದೆ ಶೆಡ್ಡಿನ ಆ ತುದಿಯ ಗೋಡೆ ನನಗೆ ಸರಿಯಾಗಿ ಕಂಡದ್ದು ಅವತ್ತೇ.

"ಭಲೇ ಉಂದಿ ಅಕ್ಕಾ!" ಬಲು ಚೆನ್ನಾಗಿದೆ ಅಂತ ವೆಲ್ಡಿಂಗಿನವನು ತೆಲುಗಿನಲ್ಲಿ ಕೂಗಿ ತನ್ನ ತೊಡೆ ತಾನೇ ತಟ್ಟಿಕೊಂಡ.

ಬಸ್ಸಿನ ಮೇಲಿನ ಎರಡು ಮೂಟೆ ಎಷ್ಟು ದಿನಕ್ಕಾದೀತು? ಹಿಂದೂಪುರದಿಂದ ಬೆಲ್ಲ ಹೊತ್ತು ಕಲ್ಯಾಣದುರ್ಗಕ್ಕೆ ಹೋಗುವ ಲಾರಿಯೊಂದು ಖಾಲಿಯಾಗಿ ವಾಪಸಾಗುತ್ತಿತ್ತು. ಹೇಗೂ ಅದು ಡೀಸೆಲ್ ಸುಟ್ಟುಕೊಂಡು ಬರಲೇಬೇಕು. ಅದರಲ್ಲಿ ಹೊಟ್ಟು ತರಲು ಅಣ್ಣ ಡ್ರೈವರನನ್ನು ಒಪ್ಪಿಸಿದ. ಮಿಲ್ಲಿನವರು ಹೊಟ್ಟಿಗೆ ಬೆಂಕಿ ಇಡುವುದು ನಿಲ್ಲಿಸಿದರು.

ನೂಲಿನ ವ್ಯಾಪಾರಿ ಬಂದಾಗ ಸುತ್ತಿಟ್ಟ ನೂಲಿನ ಲಡಿಯನ್ನು ಬೆಳಕಿಗೆ ಹಿಡಿದು, ಬೆರಳಲ್ಲಿ ಉಜ್ಜಿ ನೋಡಿದ. "ಏನಮ್ಮ, ಹೊಸ ಮಿಷಿನ್ ತಂದ್ರಾ? ಎಳೆ ಎಲ್ಲಾ ಒಂದೇ ಸಮ ಐತೆ."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತರು. "ಮಿಷಿನ್ ಅಲ್ಲ ಕಣಪ್ಪ. ನನ್ನ ಸೊಸೆ ತವರಿಂದ ತಂದ ಹೊಟ್ಟು!"

ಆ ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮ ಬೀದಿಯಲ್ಲಿ ನೂಲು ತೆಗೆಯುವ ಮನೆಯವರೆಲ್ಲ ಡ್ರಮ್ಮಿನ ತಗಡು ಹುಡುಕಿಕೊಂಡು ಗುಜರಿ ಅಂಗಡಿಗೆ ಹೋಗತೊಡಗಿದ್ದರು. ಲಾರಿ ಬಂದ ದಿನ ಹೆಂಗಸರೆಲ್ಲ ಕೈ ಹಾಕಿ ಮೂಟೆ ಇಳಿಸಿದೆವು. ತಲೆತುಂಬಾ ಹೊಟ್ಟು, ಬಾಯಿತುಂಬಾ ನಗು.