ಎರಡು ಮಾತಿನ ಸೊಸೆ

ಎಪ್ಪತ್ತರ ದಶಕದಲ್ಲಿ ನಾನು ಯರಗುಪ್ಪಿಗೆ ಸೊಸೆಯಾಗಿ ಬಂದ ಹೊಸತರಲ್ಲಿ, ಊರಿನವರೆಲ್ಲ ನನ್ನನ್ನು ಬಹಳ ಸಂಭಾವಿತಳೆಂದು ಹೊಗಳುತ್ತಿದ್ದರು. ನಿಜ ಹೇಳಬೇಕೆಂದರೆ ನಾನು ಸಂಭಾವಿತಳಾಗಿರಲಿಲ್ಲ; ನನಗೆ ಕನ್ನಡ ಬರುತ್ತಿರಲಿಲ್ಲ, ಅಷ್ಟೇ. ಸಾಂಗಲಿಯ ತವರಿನಲ್ಲಿ ನನ್ನ ಬಾಯಿಗೆ ಹೆದರಿ ನೆಂಟರು ಬೇಗ ಬೇಗ ಊಟ ಮುಗಿಸಿ ಏಳುತ್ತಿದ್ದರು.

ಬಂದ ವಾರವೇ ಒಂದು ಎಡವಟ್ಟಾಯಿತು. ಅತ್ತೆ ಮೆಣಸಿನಕಾಯಿ ಬುಟ್ಟಿ ಹೊತ್ತು ಮಾಳಿಗೆಯಿಂದ ಇಳಿಯುತ್ತಿದ್ದರು. ನಿಚ್ಚಣಿಕೆಯಲ್ಲಿ ಕಾಲು ಜಾರೀತೆಂದು ಗಾಬರಿಯಾಗಿ "ಹಳೂ! ಹಳೂ!" ಎಂದು ಕೂಗಿದೆ. ಮರಾಠಿಯಲ್ಲಿ ಹಾಗೆಂದರೆ ನಿಧಾನ. ಅತ್ತೆಯ ಕಿವಿಗೆ ಬಿದ್ದದ್ದು 'ಹಾಳು'. ಬುಟ್ಟಿ ಇಳಿಸಿ ನನ್ನನ್ನೊಮ್ಮೆ ನೋಡಿ ಒಳಗೆ ನಡೆದರು. ಆ ನೋಟದ ಅರ್ಥ ತಿಳಿಯಲು ನನಗೆ ತಿಂಗಳುಗಳೇ ಹಿಡಿದವು. ತಿಳಿದ ಮೇಲೂ ಅದನ್ನು ಬಿಡಿಸಿ ಹೇಳುವಷ್ಟು ಕನ್ನಡ ನನ್ನಲ್ಲಿರಲಿಲ್ಲ. ಬಾಯಿ ಮುಚ್ಚಿಕೊಂಡೆ.

ಗಂಡನಿಗೆ ತುಸು ಮರಾಠಿ ಬರುತ್ತಿತ್ತು, ಆದರೆ ಅವರಿಗೆ ಯಾವ ಭಾಷೆಯಲ್ಲೂ ಮಾತು ಹೆಚ್ಚಿರಲಿಲ್ಲ. ಮಧ್ಯಾಹ್ನ ಅತ್ತೆ ಅಡ್ಡಾದಾಗ ಟ್ರಾನ್ಸಿಸ್ಟರನ್ನು ಕಿವಿಗೊತ್ತಿಕೊಂಡು ಮರಾಠಿ ಬಾತ್ಮಿ, ಅಂದರೆ ವಾರ್ತೆ, ಕೇಳುತ್ತಿದ್ದೆ. ಬೆಲ್ಲದ ಧಾರಣೆ ಓದಿದರೂ ತವರಿನವರೇ ಮಾತಾಡಿದಂತಾಗುತ್ತಿತ್ತು. ನಗೆಯ ಮಾತು ನೆನಪಾದರೆ ನಾನೇ ಹೇಳಿಕೊಂಡು ನಾನೇ ನಗಬೇಕು, ಅದೂ ಒಲೆ ಊದುವ ನೆಪದಲ್ಲಿ. ಊರಿನ ಹೊಗಳಿಕೆಯೆಲ್ಲ ಬೇರೆ ಯಾರಿಗೋ ಸೇರಿದ್ದು ಅನ್ನಿಸುತ್ತಿತ್ತು. ಮರಾಠಿಯಲ್ಲಿ ಹರಟುವ ನನ್ನನ್ನು ಇಲ್ಲಿ ಒಬ್ಬರೂ ಕಂಡಿರಲಿಲ್ಲ. ಅವಳು ಸತ್ತುಹೋಗಿದ್ದರೂ ಯಾರಿಗೂ ಗೊತ್ತಾಗುವಂತಿರಲಿಲ್ಲ.

ಒಂದು ದಿನ ಮಿರಜ ಕಡೆಯ ಬಳೆಗಾರನೊಬ್ಬ ಬಂದ. ಅವನ ಬಾಯಲ್ಲಿ ಮರಾಠಿ ಕೇಳಿದ್ದೇ ತಡ, ಕೈ ಅವನಿಗೆ ಕೊಟ್ಟು ಮಾತಿಗಿಳಿದವಳು ನಿಲ್ಲಿಸಲೇ ಇಲ್ಲ. ಮೆಣಸಿನಕಾಯಿ ಬುಟ್ಟಿಯ ಕಥೆಯನ್ನೂ ಹೇಳಿ ಬಿದ್ದು ಬಿದ್ದು ನಕ್ಕೆ. ತಿರುಗಿದರೆ ಬಾಗಿಲಲ್ಲಿ ಅತ್ತೆ.

"ಇಷ್ಟ ನಗತಾಳಲ್ಲ ಈಕಿ! ನನ್ನ ಸುದ್ದಿ ಹೇಳಾಕತ್ತಾಳೇನ?" ಎಂದು ಬಳೆಗಾರನನ್ನೇ ಕೇಳಿದರು.

"ಹೌದ್ರಿ ಯವ್ವಾ. ಹಳೂ ಅಂದ್ರ ಸಾವಕಾಶ ಅಂತ್ರಿ. ನೀವು ಬಿದ್ದೀರಿ ಅಂತ ಅಂಜಿ ಒದರಿದ್ರಂತ."

ಅತ್ತೆ ಹೊಸ್ತಿಲ ಮೇಲೆ ಕುಳಿತುಬಿಟ್ಟರು. "ಮತ್ತ ಆವತ್ತ ಹೇಳಬಾರದೇನ ಹುಚ್ಚಿ? ಇಷ್ಟ ದಿನ ಮನಸಿನಾಗ ಇಟಗೊಂಡ ಕುಂತೇನಿ."

"ಹೇಳಾಕ ಮಾತ ಬರಂಗಿಲ್ರಿ ಅತ್ತಿ," ಎಂದೆ.

ಬಳೆಗಾರ ಹೋದ ಮೇಲೆ ಅತ್ತೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. "ನನ್ನ ಮ್ಯಾಲ ಸಿಟ್ಟ ಬಂದ್ರ ಏನಂತಿ? ಅನ್ನು ನೋಡೂಣು."

ಬಹಳ ಹೊತ್ತು ತಡಕಾಡಿ "ಸುಮ್ಮ ಕುಂದ್ರು" ಎಂದೆ.

"'ಕುಂದರ್ರಿ' ಅನಬೇಕು, ನಾ ಅತ್ತಿ ಅದೇನಿ. ಹಾಂ, ಇನ್ನೊಮ್ಮೆ. ಜೋರಾಗಿ."

ಜೋರಾಗಿ ಅಂದೆ. ಹೇಳಿದ ಮಾತು ಕೇಳುವವರಂತೆ ಅತ್ತೆ ಸುಮ್ಮನೆ ಕುಳಿತರು.

ಒಂಟಿತನ ಅಂದೇ ಹೋಗಲಿಲ್ಲ. ಕನ್ನಡದಲ್ಲಿ ಒಬ್ಬರನ್ನು ನಗಿಸಲು ನನಗೆ ಆಮೇಲೂ ವರ್ಷಗಳು ಬೇಕಾದವು. ಆದರೆ ಅಲ್ಲಿಯವರೆಗೆ ಜಗಳವಾಡಲು ನನಗೊಬ್ಬರು ಸಿಕ್ಕಿದ್ದರು.