ಒಂದೇ ಕ್ಷಣ ಅಂದಿದ್ದರು

ಮನೆಯಲ್ಲಿ ಅವನಿಗೆ ಕಪ್ಪೆ ಎಂದೇ ಹೆಸರು. ನೌಕಾಪಡೆಯ ಹೆಲಿಕಾಪ್ಟರ್ ಹಾರಿಸುವ, ಹೆಗಲ ಮೇಲೆ ಪಟ್ಟಿ ಹೊತ್ತ ಗಂಡಸನ್ನು ಹಾಗೆ ಕರೆಯುವುದೇ ಎಂದು ಯಾರಾದರೂ ಕೇಳಿದರೆ ತಾಯಿ, ಅದು ನೆಲದ ಮೇಲೆ ಇದ್ದದ್ದಾದರೂ ಯಾವಾಗ, ಒಂದೋ ನೀರಿನಲ್ಲಿ, ಇಲ್ಲ ಗಾಳಿಯಲ್ಲಿ ಎನ್ನುತ್ತಿದ್ದಳು. ಮದುವೆಯ ಮಾತು ತೆಗೆದರೆ ಸಾಕು, ಬಂದ ರಜೆಯನ್ನು ಅರ್ಧಕ್ಕೇ ಮುಗಿಸಿ ಹಾರಿಹೋಗುತ್ತಾನೆ ಎಂದೂ ಸೇರಿಸುತ್ತಿದ್ದಳು. ಈಗ ಆ ಮನೆಯಲ್ಲಿ ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ತಾಯಿ ಊರಿನ ಈಜುಕೊಳದಲ್ಲಿ ಟಿಕೆಟ್ ಕೊಡುವ ಕೆಲಸದಲ್ಲಿದ್ದವಳು. ಮಗ ಅಂಬೆಗಾಲಿಡುವಾಗಲೇ ಗಂಡ ತೀರಿಕೊಂಡಿದ್ದ. ಮಕ್ಕಳನ್ನು ಬಿಟ್ಟುಬರಲು ಬೇರೆ ಜಾಗವಿರಲಿಲ್ಲ, ಹಾಗಾಗಿ ಇಬ್ಬರೂ ಕ್ಲೋರಿನ್ ವಾಸನೆಯಲ್ಲೇ ಬೆಳೆದರು. ಮಗಳು ದೊಡ್ಡವಳು, ಮೀನಿನಂತೆ ಈಜುವವಳು. ತಮ್ಮನಿಗೆ ನೀರು ಕಲಿಸಿದ್ದು ಅವಳೇ. ಕೈಕಾಲು ಬಡಿಯುವುದನ್ನು ಯಾರು ಬೇಕಾದರೂ ಕಲಿಸುತ್ತಾರೆ. ಅವಳು ಕಲಿಸಿದ್ದು ನೀರಿನಡಿಯಲ್ಲಿ ಸುಮ್ಮನಿರುವುದನ್ನು. ಗಾಬರಿ ಗಾಳಿ ತಿನ್ನುತ್ತದೆ, ಸುಮ್ಮನಿದ್ದರೆ ಎದೆಯಲ್ಲಿ ಇದ್ದದ್ದು ಉಳಿಯುತ್ತದೆ ಎಂದು ಅವಳು ಹೇಳಿಕೊಟ್ಟದ್ದನ್ನು ಹುಡುಗ ಅಕ್ಷರಶಃ ನುಂಗಿಕೊಂಡ. ಕೊಳದ ತಳದಲ್ಲಿ ಅಂಗಾತ ಮಲಗಿಬಿಡುತ್ತಿದ್ದ. ದಡದಲ್ಲಿದ್ದ ಬೇರೆಯವರ ತಾಯಂದಿರು ಕಿರುಚಾಡಿ, ಕಾವಲುಗಾರ ಶರ್ಟು ಬಿಚ್ಚಿ ಇನ್ನೇನು ಹಾರಬೇಕು ಎನ್ನುವಾಗ ನಿಧಾನವಾಗಿ ಮೇಲೆ ಬಂದು ಹಲ್ಲು ಕಿರಿಯುತ್ತಿದ್ದ. ಕಾವಲುಗಾರನ ಬೈಗುಳವೆಲ್ಲ ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. ಅಕ್ಕನಿಗೆ ಮಾತ್ರ ಹೆಮ್ಮೆಯೋ ಹೆಮ್ಮೆ. ಇಂಥ ಉಸಿರು ಈ ಊರಲ್ಲಿ ಇನ್ನೊಬ್ಬರಿಗಿಲ್ಲ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದಳು.

ನೌಕಾಪಡೆಗೆ ಸೇರಿದ ಮೇಲೂ ಆ ಉಸಿರೇ ಅವನಿಗೆ ಮರ್ಯಾದೆ ತಂದಿತು. ಹೆಲಿಕಾಪ್ಟರಿಗೆ ಭಾರವೆಲ್ಲ ತಲೆಯ ಮೇಲೆ. ಸಮುದ್ರಕ್ಕೆ ಬಿದ್ದರೆ ಅದು ತೇಲುವುದಿಲ್ಲ, ತಲೆಕೆಳಗಾಗಿ ಮುಳುಗುತ್ತದೆ. ಅದರೊಳಗಿಂದ ಹೊರಬರುವುದನ್ನು ಕಲಿಸಲು ಅಲ್ಲೊಂದು ಕೊಳವಿತ್ತು. ಸುಳ್ಳು ಕ್ಯಾಬಿನ್ನಿನಲ್ಲಿ ಹುಡುಗರನ್ನು ಕಟ್ಟಿ ಕೂರಿಸಿ ನೀರಿಗೆ ಇಳಿಸಿ ಮಗುಚುತ್ತಿದ್ದರು. ಹಾರಾಟವಿಲ್ಲದ ದಿನಗಳಲ್ಲಿ ಅವನು ಅಲ್ಲಿ ಮೇಷ್ಟ್ರು. ಒಮ್ಮೆ ರಜೆಗೆ ಬಂದಾಗ ಅಡುಗೆಮನೆಯ ಕುರ್ಚಿಯಲ್ಲಿ ಟವೆಲ್ಲಿನಿಂದ ಸೊಂಟ ಬಿಗಿದುಕೊಂಡು, ಕುರ್ಚಿ ಸಮೇತ ಉರುಳಿ ಅಕ್ಕನಿಗೆ ತೋರಿಸಿಕೊಟ್ಟ. ಒಂದು ಕೈ ಕಿಟಕಿಯ ಅಂಚಿನ ಮೇಲೆ, ಎಲ್ಲ ನಿಲ್ಲುವವರೆಗೂ ಅದನ್ನು ಬಿಡಬಾರದು. ನಿಂತ ಮೇಲೆ ಬೆಲ್ಟು ಬಿಚ್ಚಬೇಕು, ಅದೇ ಕೈಯ ದಿಕ್ಕಿಗೆ ಹೋಗಬೇಕು. ಮೊದಲೇ ಬೆಲ್ಟು ಬಿಚ್ಚಿದವನಿಗೆ ಮೇಲು ಯಾವುದು ಕೆಳಗೆ ಯಾವುದು ತಿಳಿಯುವುದಿಲ್ಲ. ಹೊರಗೆ ಹೋದವನು ಮಾತ್ರ ಏನೇ ಆದರೂ ಮತ್ತೆ ಒಳಗೆ ಬರಕೂಡದು. ಈ ಕೊನೆಯದನ್ನು ಅವನು ಎರಡೆರಡು ಸಲ ಹೇಳಿದ. ಕುರ್ಚಿಯ ಕಾಲು ಮುರಿದದ್ದಕ್ಕೆ ತಾಯಿ, ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಬೈದಳು.

ಆ ಸಂಜೆ ಬಿರುಗಾಳಿಯಲ್ಲಿ ಮುಳುಗುತ್ತಿದ್ದ ದೋಣಿಯಿಂದ ಇಬ್ಬರು ಮೀನುಗಾರರನ್ನು ಹಗ್ಗದಲ್ಲಿ ಮೇಲೆತ್ತಿಕೊಂಡು ಅವನು ಹಿಂದಿರುಗುತ್ತಿದ್ದ. ದಡ ಕಾಣುವ ಮೊದಲೇ ಎಂಜಿನ್ ಕೈಕೊಟ್ಟಿತು. ಹೆಲಿಕಾಪ್ಟರು ನೀರಿಗೆ ಬಿದ್ದು ಮಗುಚಿತು. ಪಕ್ಕದಲ್ಲಿದ್ದ ಪೈಲಟ್ಟು ಉಳಿದ, ಹಗ್ಗ ಇಳಿಸುವವನು ಉಳಿದ, ಮೀನುಗಾರರಲ್ಲಿ ಒಬ್ಬ ಉಳಿದ. ಇನ್ನೊಬ್ಬ ಮೀನುಗಾರನೂ ಇವನೂ ಉಳಿಯಲಿಲ್ಲ.

ಸುದ್ದಿ ತಂದ ಅಧಿಕಾರಿ ವಯಸ್ಸಾದವನು, ಮೆದು ಮನಸ್ಸಿನ ಮನುಷ್ಯ. ತಾಯಿ ಅವನ ಕೈ ಹಿಡಿದುಕೊಂಡು ಕೇಳಿದ್ದು ಒಂದೇ, ಮಗ ಒದ್ದಾಡಿದನೇ ಎಂದು. ಇಲ್ಲ, ನೀರಿಗೆ ಅಪ್ಪಳಿಸಿದ ಏಟಿಗೇ ಹೋದ, ಒಂದೇ ಕ್ಷಣ, ಅವನಿಗೆ ಗೊತ್ತೂ ಆಗಿರಲಿಕ್ಕಿಲ್ಲ ಎಂದ ಅವನು. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಂತೆ ತಾಯಿ ಆ ಮಾತನ್ನು ಹಿಡಿದುಕೊಂಡಳು. ಬಂದವರಿಗೆಲ್ಲ ಅದನ್ನೇ ಹೇಳಿದಳು, ಒಬ್ಬಳೇ ಇದ್ದಾಗಲೂ ಅದನ್ನೇ ಹೇಳಿಕೊಂಡಳು. ಅದರ ಬಲದ ಮೇಲೆಯೇ ಎದ್ದಳು, ತಲೆ ಬಾಚಿಕೊಂಡಳು, ಎರಡು ತುತ್ತು ಬಾಯಿಗಿಟ್ಟಳು. ಅವಳು ಪತ್ರಿಕೆ ಓದುವವಳಲ್ಲ. ಮಗಳು ಓದಿಹೇಳಿದಷ್ಟೇ ಅವಳಿಗೆ ಲೋಕ.

ಮಗಳಿಗೆ ನಿಜ ತಿಳಿದದ್ದು ಉಳಿದುಬಂದ ಪೈಲಟ್‌ನಿಂದ. ಬೀದಿಯ ಕೊನೆಯಲ್ಲಿ ನಿಲ್ಲಿಸಿದ್ದ ಕಾರಿನಲ್ಲಿ ಕೂತು, ಸ್ಟೀರಿಂಗ್ ಹಿಡಿದ ಕೈ ಸಡಿಲಿಸದೆ ಅವನು ಹೇಳಿದ. "ಅಕ್ಕಾ, ಅವನು ಹೊರಗೆ ಬಂದಿದ್ದ. ನನ್ನ ಪಕ್ಕದಲ್ಲೇ ತಲೆ ಎತ್ತಿ ಒಮ್ಮೆ ಉಸಿರೆಳೆದುಕೊಂಡ. ಹಿಂದೆ ಇರೋರಿಗೆ ಏನೂ ಗೊತ್ತಿಲ್ಲ ಕಣೋ ಅಂದ. ಮತ್ತೆ ಒಳಗೆ ಹೋದ."

ಮೀನುಗಾರರಿಗೆ ಯಾರು ಕಲಿಸಿದ್ದರು? ನೀರು ಒಳನುಗ್ಗಿದ ತಕ್ಷಣ ಇಬ್ಬರೂ ಬೆಲ್ಟು ಬಿಚ್ಚಿಕೊಂಡಿದ್ದರು, ಕತ್ತಲಲ್ಲಿ ದಿಕ್ಕು ತಪ್ಪಿದ್ದರು. ಮುಳುಗುಗಾರರು ಇಳಿದಾಗ ಅವನು ಹಿಂದಿನ ಕ್ಯಾಬಿನ್ನಿನಲ್ಲಿದ್ದ, ಉಳಿಯದ ಮೀನುಗಾರನ ಜಾಕೆಟ್ಟು ಅವನ ಮುಷ್ಟಿಯಲ್ಲಿತ್ತು. ಸಾವಿರ ಸಲ ಕಲಿಸಿದ ಪಾಠವನ್ನು ಮೇಷ್ಟ್ರೇ ಮುರಿದಿದ್ದ.

ಅವನು ಮುರಿಯದಿದ್ದ ಪಾಠ ಒಂದೇ, ಅಕ್ಕನದು. ಅವನು ಗಾಬರಿಯಾಗಿರಲಾರ. ಕತ್ತಲಲ್ಲಿ, ಆ ಉಪ್ಪು ನೀರಿನಲ್ಲಿ ಸುಮ್ಮನಿದ್ದು, ಎದೆಯಲ್ಲಿದ್ದ ಗಾಳಿಯನ್ನು ಚೂರುಚೂರೇ ಬಳಸಿಕೊಂಡು ಬಾಗಿಲು ತಡಕಿರುತ್ತಾನೆ. ಬೇರೆ ಯಾರಾದರೂ ಆಗಿದ್ದರೆ ಬೇಗ ಮುಗಿದಿರುತ್ತಿತ್ತು. ಬೇಗ ಮುಗಿಯದಂತೆ ಕಲಿಸಿದವಳು ತಾನು. ಇದು ಅವಳಿಗೆ ನುಂಗಲಾರದ, ಉಗುಳಲಾರದ ಬಿಸಿತುಪ್ಪವಾಯಿತು. ಅದೇ ಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವುದು ಅವಳ ಹೊಟ್ಟೆಪಾಡು. ಉಸಿರು ಕಟ್ಟುವ ಪಾಠ ಬಂದಾಗ ಏನೋ ನೆಪ ಹೇಳಿ ಮಕ್ಕಳನ್ನು ಮೇಲೆ ಕರೆಯತೊಡಗಿದಳು. ಒಂದು ಮಗು ಮುಖ ಮುಳುಗಿಸಿ ತುಸು ಹೊತ್ತು ಇದ್ದರೂ ತೋಳು ಹಿಡಿದು ಮೇಲಕ್ಕೆ ಎಳೆದುಬಿಡುತ್ತಿದ್ದಳು. ಮನೆಗೆ ಬಂದರೆ ತಾಯಿ ಬಾಗಿಲಲ್ಲೇ ಯಾರಿಗೋ ಒಂದೇ ಕ್ಷಣದ ಕಥೆ ಹೇಳುತ್ತಿರುತ್ತಿದ್ದಳು. ಮಗಳು ಹೌದೌದು ಎಂದು ತಲೆಯಾಡಿಸಿ ಒಳಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದಳು. ತಾಯಿಗೆ ಇದು ತಿಳಿಯಕೂಡದು, ತಾನು ಬದುಕಿರುವಷ್ಟು ದಿನ ತಿಳಿಯಕೂಡದು ಎಂಬುದೊಂದೇ ಅವಳಿಗೆ ಉಳಿದ ಹಟ.

ವರ್ಷ ತಿರುಗುವ ಹೊತ್ತಿಗೆ ಉಳಿದ ಮೀನುಗಾರ ವಿಳಾಸ ಹುಡುಕಿಕೊಂಡು ಬಂದ. ಅವನ ಪುಣ್ಯವೋ ಇವಳ ಪುಣ್ಯವೋ, ಯಾರೋ ಅವನಿಗೆ ಮೊದಲು ಈಜುಕೊಳದ ದಾರಿ ತೋರಿಸಿದ್ದರು. ತಮ್ಮನ ವಯಸ್ಸಿನವನೇ. ನೀರಿನ ಅಂಚಿಗೆ ಬರಲು ಒಪ್ಪದೆ ಗೋಡೆಗೆ ಒತ್ತಿಕೊಂಡು ನಿಂತಿದ್ದ. ಸಮುದ್ರಕ್ಕೆ ಹೋಗುವುದು ಬಿಟ್ಟು ಈಗ ಮಂಜುಗಡ್ಡೆ ಕಾರ್ಖಾನೆಯಲ್ಲಿ ದುಡಿಯುತ್ತಾನಂತೆ. ತಾಯಿಯ ಕಾಲು ಹಿಡಿಯಬೇಕು, ಅಷ್ಟು ಮಾಡದೆ ತನಗೆ ನಿದ್ದೆ ಬರುವುದಿಲ್ಲ ಎಂದ. ಕತ್ತಲಲ್ಲಿ ಯಾರೋ ಹಿಡಿದಾಗ ದಿಗಿಲಿಗೆ ತಾನು ಒದ್ದೆನೆಂದೂ, ಒದೆ ಮುಖಕ್ಕೇ ಬಿದ್ದಿರಬೇಕೆಂದೂ, ಒದೆಸಿಕೊಂಡ ಮೇಲೂ ಆ ಕೈ ತನ್ನನ್ನು ಬಿಡಲಿಲ್ಲವೆಂದೂ ತಡವರಿಸಿ ಹೇಳಿದ.

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು, ಮರುಗಳಿಗೆಗೇ ಅವನು ಪಾಪ ಅನ್ನಿಸಿತು. ಹಾಗೇ ಹಿಂದಕ್ಕೆ ಕಳಿಸಿಬಿಡಬಹುದಿತ್ತು. ಆದರೆ ಆ ಮುಖ ನೋಡಿ ಬೇಡವೆನ್ನಲು ಮನಸ್ಸು ಬರಲಿಲ್ಲ. ಒಂದು ಷರತ್ತು ಹಾಕಿದಳು. ಒದ್ದ ಮಾತು ಎತ್ತಬಾರದು. ಅವನು ಒದ್ದಾಡಿದನೇ ಎಂದು ಅಮ್ಮ ಕೇಳೇ ಕೇಳುತ್ತಾಳೆ, ಒಂದೇ ಕ್ಷಣದಲ್ಲಿ ಹೋದರು ಎನ್ನಬೇಕು. ದಾರಿಯುದ್ದಕ್ಕೂ ಅವನಿಂದ ಅದನ್ನೇ ಹೇಳಿಸಿದಳು. ಅವನೂ ಶಾಲೆಯ ಮಗುವಿನಂತೆ ಒಪ್ಪಿಸಿದ.

ತಾಯಿ ಅವನನ್ನು ಕುರ್ಚಿಯಲ್ಲಿ ಕೂರಿಸಿ ಚಹಾ ಕೊಟ್ಟಳು. ಮಗಳು ಹೆದರಿದ್ದ ಪ್ರಶ್ನೆಯನ್ನೇ ಅವಳು ಮೊದಲು ಕೇಳಿದಳು, ಅವನು ಕಲಿತದ್ದನ್ನು ತಪ್ಪಿಲ್ಲದೆ ಹೇಳಿದ. ಕಣ್ಣಾರೆ ಕಂಡವನ ಬಾಯಿಂದಲೇ ಆ ಮಾತು ಕೇಳಿ ತಾಯಿಯ ಮುಖ ಎಷ್ಟು ಹಗುರಾಯಿತೆಂದರೆ, ಸದ್ಯ ಗೆದ್ದೆ ಎಂದುಕೊಂಡಳು ಮಗಳು. ಆಮೇಲೆ ತಾಯಿ ಅವನ ಭುಜ ಸವರಿ ಅಕ್ಕರೆಯಿಂದ ಕೇಳಿದಳು.

"ನೀನಾದ್ರೂ ಉಳಿದ್ಯಲ್ಲಪ್ಪ. ಅಂಥದ್ರಲ್ಲಿ ಹೇಗೆ ಹೊರಗೆ ಬಂದೆ?"

ಇದಕ್ಕೆ ಯಾರೂ ಉತ್ತರ ಕಲಿಸಿರಲಿಲ್ಲ. ಅವನು ಋಣ ಹೇಳಿಕೊಳ್ಳಲು ಬಂದವನು.

"ನಿಮ್ಮ ಮಗನೇ ಅಮ್ಮಾ. ಹಿಂದಿನಿಂದ ಕಾಲರ್ ಹಿಡಿದು ಕಿಟಕಿಯಾಚೆ ದಬ್ಬಿದ್ರು. ಆ ಕೈ ಇಲ್ದಿದ್ರೆ ನಾನಿಲ್ಲ."

ತಾಯಿಯ ಕೈ ಅವನ ಭುಜದ ಮೇಲೇ ನಿಂತಿತು. ಅವನಿಗೂ ತಾನಂದದ್ದು ತಿಳಿಯಿತು. ಲೋಟ ಕೆಳಗಿಡಲು ಹೋಗಿ ನೆಲದ ಮೇಲೆ ಚೆಲ್ಲಿದ. ತಾಯಿ ಅವನ ಭುಜದಿಂದ ಕೈ ತೆಗೆದಳು. ಮಗಳ ಕಡೆ ತಿರುಗಿದಳು.

"ನಿನಗೆ ಗೊತ್ತಿತ್ತು."

ಮಗಳು ಬಗ್ಗಿ ಲೋಟ ಎತ್ತಿಕೊಂಡಳು.

"ಉಸಿರು ಕಟ್ಟೋದು ಕಲಿಸಿದೋಳು ನೀನು. ಹೇಳು, ಎಷ್ಟು ಹೊತ್ತು ಇದ್ದಿರ್ತಾನೆ?"

ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತು. ಆದರೆ ಮಗನ ಉಸಿರೆಷ್ಟೆಂದು ಟಿಕೆಟ್ಟಿನ ಕಿಟಕಿಯಿಂದ ವರ್ಷಗಟ್ಟಲೆ ನೋಡಿದವಳಿಗೆ ಯಾವ ಸುಳ್ಳು ಹೇಳುವುದು?

"ತುಂಬ ಹೊತ್ತು, ಅಮ್ಮ."

ತಾಯಿ ಅಳಲಿಲ್ಲ. ಚೆಲ್ಲಿದ ಚಹಾ ಒರೆಸಿದಳು, ಬಂದವನಿಗೆ ದಾರಿಗೆಂದು ನಾಲ್ಕು ಹಣ್ಣು ಕಟ್ಟಿಕೊಟ್ಟಳು, ಬಸ್ಸು ತಪ್ಪೀತು ಹೊರಡಪ್ಪ ಎಂದಳು. ಒಂದೇ ಕ್ಷಣದ ಮಾತು ಅಂದಿಗೆ ನಿಂತುಹೋಯಿತು.

ಮರುದಿನ ಬೆಳಗ್ಗೆ ಮಗಳು ಅಡುಗೆಮನೆಗೆ ಬಂದಾಗ ತಾಯಿ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಮುಚ್ಚಿತ್ತು, ತುಟಿ ಬಿಗಿದಿತ್ತು, ಎರಡು ಬೆರಳಿನಿಂದ ಮೂಗು ಹಿಡಿದುಕೊಂಡಿದ್ದಳು. ಮುಖ ಕೆಂಪೇರಿತು, ಕತ್ತಿನ ನರ ಉಬ್ಬಿತು, ಕೊನೆಗೆ ಬಾಯಿ ತೆರೆದು ಗೊರಗೊರ ಉಸಿರೆಳೆದಳು. ಸೆರಗಿನಿಂದ ಮುಖ ಒರೆಸಿಕೊಂಡು, ಎದೆ ತುಂಬ ಗಾಳಿ ತುಂಬಿಕೊಂಡು, ಮತ್ತೆ ಮೂಗು ಹಿಡಿದಳು.