ಬೈದರೆ ಹೊರಡುವ ಬೈಕು

ಬೆಟ್ಟದೂರು ವೆಲಿಮಡದ ಪೇಟೆಯಿಂದ ಮೇಲಿನ ಚಹಾ ತೋಟಗಳವರೆಗೆ ತಿಲಕಸಿರಿಯ ಬೈಕಿನ ಸದ್ದು ಕೇಳದವರಿಲ್ಲ. ಅವನ ಬಾಯಿಯ ಸದ್ದು ಅದಕ್ಕಿಂತ ದೂರ ಕೇಳುತ್ತಿತ್ತು, ಆ ಮಾತು ಬೇರೆ.

ಜಪಾನಿನಲ್ಲಿ ಯಾರೋ ಓಡಿಸಿ, ಸಾಕಾಗಿ, ಹಡಗು ಹತ್ತಿಸಿದ ಗಾಡಿ ಅದು. ಡಾಂಬರಿಗೂ ಸೈ, ಕಲ್ಲುದಾರಿಗೂ ಸೈ. ಬಂದದ್ದು ಬಂದಂತೆ ಇರಲು ತಿಲಕಸಿರಿ ಬಿಡಬೇಕಲ್ಲ! ಏರು ಎಳೆಯಲೆಂದು ಹಿಂದಿನ ಚಕ್ರಕ್ಕೆ ಚೈನು ಕೂರುವ ಹಲ್ಲುಚಕ್ರವನ್ನು ದೊಡ್ಡದೇ ಹಾಕಿದ. ಮುರಿದ ಮಡ್‌ಗಾರ್ಡಿನ ಜಾಗಕ್ಕೆ ನೀಲಿ ನೀರಿನ ಡ್ರಮ್ಮನ್ನು ಕೊಯ್ದು ಕಟ್ಟಿದ. ಕ್ಯಾರೆಟ್ ಮೂಟೆ ಹೊರಲು ಕಬ್ಬಿಣದ ಕ್ಯಾರಿಯರ್ ಬೆಸೆದ. ಕೊನೆಗೆ ಟ್ಯಾಂಕಿಗೆ, ಅದರ ಮುಚ್ಚಳವನ್ನೂ ಬಿಡದೆ, ಮದುಮಗಳ ಸೀರೆಯಂಥ ಕೆಂಪು ಬಣ್ಣವನ್ನು ದಪ್ಪಗೆ ಬಳಿದ. ಇಷ್ಟೂ ಕೆಲಸ ನಡೆದದ್ದು ಹಿತ್ತಲ ಜಗಲಿಯಲ್ಲಿ, ಹೆಂಡತಿ ಯಶವತಿಯ ಪಾತ್ರೆಗಳನ್ನೇ ಎಣ್ಣೆಗೂ ನಟ್ಟುಗಳಿಗೂ ಬಳಸಿಕೊಂಡು.

ಬಣ್ಣ ಒಣಗಿದಂದಿನಿಂದ ಬೈಕಿಗೆ ಒಂದು ರೋಗ ಹಿಡಿಯಿತು. ಸ್ವಲ್ಪ ದೂರ ಚೆನ್ನಾಗಿ ಓಡಿ, ಏರಿನಲ್ಲಿ ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ತಿಲಕಸಿರಿ ಇಳಿದು ಅದರ ಜಪಾನೀ ಅಜ್ಜ ಅಜ್ಜಿಯರನ್ನೆಲ್ಲ ಎಬ್ಬಿಸಿ ಬೈಯುತ್ತಿದ್ದ. ಬೈಯುತ್ತಲೇ ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲು ನೋಡಿ, ಮುಚ್ಚಿ, ಕಿಕ್ ಹೊಡೆದರೆ ಗಾಡಿ ತಯಾರು!

"ಬೈದ್ರೇನೇ ಇದಕ್ಕೆ ಬುದ್ಧಿ" ಎಂದು ಅವನು ಚಹಾದಂಗಡಿಯಲ್ಲಿ ಹೇಳಿದ್ದೇ ತಡ, ಊರಿಗೆಲ್ಲ ಹಬ್ಬವಾಯಿತು.

"ತಿಲಕಣ್ಣಾ, ಇವತ್ತು ಯಾವ ಬೈಗುಳಕ್ಕೆ ಹೊರಡ್ತು? ನಮ್ಮನೆ ಎಮ್ಮೆಗೂ ಒಂದು ಕಲಿಸ್ಕೊಡು."

ಪ್ಲಗ್ ಬದಲಿಸಿದ, ಕಾರ್ಬುರೇಟರ್ ತೊಳೆದ, ಸೈಲೆನ್ಸರ್ ಬಿಚ್ಚಿ ಬಡಿದ. ರೋಗ ಹೋಗಲಿಲ್ಲ. ಕಳೆದ ಹೊಸ ವರ್ಷದ ಹಬ್ಬಕ್ಕೆ ಬೆಟ್ಟದ ಮೇಲಿನ ಅತ್ತೆಯ ಮನೆಗೆ ಹೊರಟಾಗ ದಾರಿಯಲ್ಲಿ ನಿಂತಿತು. ಅವತ್ತು ಸಿಟ್ಟು ಎಷ್ಟು ನೆತ್ತಿಗೇರಿತೆಂದರೆ, ಮುಚ್ಚಳ ತೆಗೆಯುವ ಮೊದಲೇ ಒದ್ದ. ಬೈಕು ಚಹಾ ಗಿಡಗಳ ಮೇಲೆ ಉರುಳಿಕೊಂಡು ಹೋಯಿತು. ಗಂಡ ಹೆಂಡತಿ ನಡೆದು ತಲುಪುವಷ್ಟರಲ್ಲಿ ಹಬ್ಬದ ಹಾಲನ್ನದ ತಟ್ಟೆ ಖಾಲಿಯಾಗಿ, ಹಿರಿಯರ ಕೈಗಿತ್ತು ಕಾಲಿಗೆ ಬೀಳಲೆಂದು ತಂದ ವೀಳ್ಯದೆಲೆ ಬಾಡಿತ್ತು.

"ಬೈಕು ಇಟ್ಕೊಂಡೋರು ನಡ್ಕೊಂಡು ಬಂದ್ರಲ್ಲಪ್ಪ!" ಎಂದಿದ್ದ ಯಶವತಿಯ ಅಣ್ಣ ಲಯನೆಲ್.

ಆ ಮಾತು ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಈ ವರ್ಷ ಸಂತೆಯಲ್ಲಿ ಲಯನೆಲ್ ಮತ್ತೆ ಅದನ್ನೇ ಎತ್ತಿದಾಗ ತಿಲಕಸಿರಿ ಹತ್ತು ಜನರ ಮುಂದೆ ಗುಡುಗಿದ: "ಈ ಸಲ ದಾರೀಲಿ ಕೆಟ್ಟು ನಿಂತ್ರೆ ಬೈಕು ನಿಂದೇ ಕಣಯ್ಯಾ, ತಗೊಂಡು ಹೋಗು!"

ಆ ಕ್ಯಾರಿಯರ್ ಮೇಲೆ ಲಯನೆಲ್‌ಗೆ ಮೊದಲಿಂದಲೂ ಕಣ್ಣು. "ಆಯ್ತು ಭಾವ" ಎಂದು ನಕ್ಕ.

ಹಬ್ಬದ ದಿನ ತಿಲಕಸಿರಿ ಕೊನೇ ಸಲವೆಂದು ಕಾರ್ಬುರೇಟರ್ ಬಿಚ್ಚಿ ಕೂತಿದ್ದಾಗ ಬೌದ್ಧ ವಿಹಾರದ ಗಂಟೆ ಮೊಳಗಿತು. ಹಳೇ ವರ್ಷ ಹೋಯಿತು, ಹೊಸದು ಇನ್ನೂ ಬಂದಿಲ್ಲ. ಆ ನಡುವಿನ ಹೊತ್ತಿನಲ್ಲಿ ಒಲೆ ಉರಿಸುವಂತಿಲ್ಲ, ಯಾವ ಕೆಲಸಕ್ಕೂ ಕೈ ಹಾಕುವಂತಿಲ್ಲ. ಯಶವತಿ ಬಂದು ಸ್ಪ್ಯಾನರ್ ಕಿತ್ತುಕೊಂಡಳು.

"ಒಂದೇ ಒಂದು ಸ್ಕ್ರೂ ಕಣೇ!"

"ಒಂದೂ ಇಲ್ಲ. ಇನ್ನೊಂದು ಕೇಳಿ, ಇವತ್ತು ಬಾಯಿಂದ ಕೆಟ್ಟ ಮಾತು ಬಂದ್ರೆ ವರ್ಷವಿಡೀ ಅದೇ ಗತಿ. ನಿಮ್ಮ ಕೈಗೆ ಮಾತ್ರ ಅಲ್ಲ, ಬಾಯಿಗೂ ರಜ."

ಅರ್ಧ ದಿನ ಅವನು ಬಿಚ್ಚಿದ ಕಾರ್ಬುರೇಟರನ್ನು ನೋಡುತ್ತ ಹಲ್ಲು ಕಡಿದ. ಹೊಸ ವರ್ಷ ಹುಟ್ಟಿದಾಗ ಒಲೆ ಹೊತ್ತಿಸಿ, ಉಂಡು, ಪಂಚಾಂಗದವರು ಹೇಳಿದ ಶುಭ ಗಳಿಗೆಯಲ್ಲಿ ಊರವರೆಲ್ಲ ವರ್ಷದ ಮೊದಲ ಕೆಲಸ ಶುರು ಮಾಡಿದರು. ಇವನು ಪೂರ್ವಕ್ಕೆ ಮುಖ ಮಾಡಿ ಆ ಸ್ಕ್ರೂ ತಿರುಗಿಸಿದ.

ಕವುಂ ಕಜ್ಜಾಯದ ಬುಟ್ಟಿ ಕ್ಯಾರಿಯರ್ ಮೇಲೆ, ವೀಳ್ಯದೆಲೆ ಯಶವತಿಯ ಮಡಿಲಲ್ಲಿ. ಬೈಕು ಹಾಡುತ್ತ ಬೆಟ್ಟ ಹತ್ತಿತು. ಕೊನೆಯ ತಿರುವು ದಾಟಿ ಅತ್ತೆಯ ಮನೆ ಕಂಡಿತು. ಅಂಗಳದಲ್ಲಿ ಲಯನೆಲ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಅಲ್ಲೇ ಕೆಮ್ಮು ಬಂತು. ಎರಡು ಸಲ ಕೆಮ್ಮಿ ಬೈಕು ನಿಂತಿತು.

ತಿಲಕಸಿರಿಯ ಮುಖ ಟ್ಯಾಂಕಿನ ಬಣ್ಣಕ್ಕೆ ತಿರುಗಿತು. ಬಾಯಿ ತೆರೆದ.

"ರೀ!" ಎಂದಳು ಯಶವತಿ.

ಬಾಯಿ ಮುಚ್ಚಿದ. ಗಂಟಲಿಗೆ ಬಂದದ್ದನ್ನು ಮುಳ್ಳಿನ ಮೀನು ನುಂಗಿದಂತೆ ನುಂಗಿದ. ಏನು ಮಾಡಲೂ ತೋಚದೆ, ಅಭ್ಯಾಸದಂತೆ ಟ್ಯಾಂಕಿನ ಮುಚ್ಚಳ ತೆಗೆದ.

ಸುಯ್‌‌... ಎಂದಿತು ಟ್ಯಾಂಕು.

ಅಷ್ಟು ದಿನವೂ ಅದು ಹಾಗೆ ಅಂದಿರಬೇಕು. ಇವನ ಬಾಯಿಯ ಮುಂದೆ ಯಾರಿಗೆ ಕೇಳಬೇಕು?

"ಇನ್ನೊಂದ್ಸಲ ಕಿಕ್ ಹೊಡೀರಿ" ಎಂದಳು ಯಶವತಿ. ಹೊಡೆದ. ಬೈಕು ಹೊರಟಿತು!

"ಬೈದೇ ಇಲ್ಲವಲ್ಲೇ ನಾನು..." ತಿಲಕಸಿರಿಯ ಧ್ವನಿ ಕುಗ್ಗಿತು. ಇಷ್ಟು ವರ್ಷದ ವಿದ್ಯೆಯನ್ನು ಯಾರೋ ಕದ್ದೊಯ್ದಂತಿತ್ತು.

"ಹಾಲಿನ ಡಬ್ಬಕ್ಕೆ ಒಂದೇ ತೂತು ಮಾಡಿದ್ರೆ ಹಾಲು ಇಳಿಯತ್ತಾ? ಗಾಳಿ ಹೋಗೋಕೆ ಇನ್ನೊಂದು ಬೇಡ್ವಾ? ಕೊಡಿ ಇಲ್ಲಿ."

ಟ್ಯಾಂಕಿಗೆ ಗಾಳಿಯಾಡಲೆಂದು ಮುಚ್ಚಳದ ನೆತ್ತಿಯಲ್ಲಿದ್ದ ಸಣ್ಣ ತೂತು ಕೆಂಪು ಬಣ್ಣದೊಳಗೆ ಹೂತುಹೋಗಿತ್ತು. ಯಶವತಿ ಮುಡಿಯ ಪಿನ್ನು ಕಿತ್ತು ಚುಚ್ಚಿದಳು. ಬಣ್ಣದ ಚಕ್ಕೆ ಎದ್ದು ಬಂತು. ಪಿನ್ನು ಬಾಗಿ ಕೆಟ್ಟಿತು, ಮುಡಿ ಬಿಚ್ಚಿ ಬೆನ್ನ ಮೇಲೆ ಬಿತ್ತು.

ಅಂಗಳ ತಲುಪುತ್ತಲೇ ಲಯನೆಲ್ ಕೈಚಾಚಿದ. "ನಿಂತಿತು. ಕಣ್ಣಾರೆ ನೋಡ್ದೆ. ಕೀ ಕೊಡು ಭಾವ."

ತಿಲಕಸಿರಿಯ ಕೈ ಜೇಬಿಗೆ ಹೋಯಿತು. ಕೋಪಿಷ್ಠನಾದರೂ ಆಡಿದ ಮಾತಿಗೆ ತಪ್ಪುವವನಲ್ಲ.

"ನಿಲ್ಸಿದ್ದು ನಾನು" ಎಂದಳು ಯಶವತಿ. "ಮುಡಿ ಬಿಚ್ಚಿಹೋಯ್ತು. ಹಬ್ಬದ ದಿನ ತಲೆ ಕೆದರ್ಕೊಂಡು ಅಮ್ಮನ ಕಾಲಿಗೆ ಬೀಳ್ಲಾ?"

"ಇನ್ನೂ ಬಿಚ್ಕೊಂಡೇ ಇದೆಯಲ್ಲ!"

"ಅದಕ್ಕೇ ಮತ್ತೆ, ಪಿನ್ನು ಕೆಟ್ಟೋಯ್ತು. ಕೆಟ್ಟಿದ್ದು ಪಿನ್ನು, ಬೈಕಲ್ಲ. ಬೇಕಾದ್ರೆ ಪಿನ್ನು ತಗೋ ಅಣ್ಣಾ."

ಒಳಗಿಂದ ಅತ್ತೆ ಕೂಗಿದರು: "ಲೋ ಲಯನೆಲ್, ಬಂದೋರಿಗೆ ಅನ್ನ ಹಾಕ್ದೆ ಅದೇನು ಜಗಳ?"

ಆ ದಿನ ತಿಲಕಸಿರಿ ಬಿಸಿ ಹಾಲನ್ನವನ್ನು ಮೂರು ಸಲ ಹಾಕಿಸಿಕೊಂಡು, ತುಟಿ ಪಿಟಕ್ಕೆನ್ನದೆ ತಿಂದ. ಅಳಿಯನಿಗೆ ಮೈ ಸರಿಯಿಲ್ಲವೇನೋ ಎಂದು ಅತ್ತೆ ಗಾಬರಿಯಾದರು.

ಹಿಂದಿರುಗುವಾಗ ಬೈಕು ಎಲ್ಲಿಯೂ ಕೆಮ್ಮಲಿಲ್ಲ. ಪೇಟೆಯ ಹತ್ತಿರ ಬಂದಾಗ ಅವನು ಮೆಲ್ಲಗೆ ಕೇಳಿದ:

"ಹಬ್ಬ ಯಾವಾಗ ಮುಗಿಯತ್ತೆ?"

"ಯಾಕೆ?"

"ನಿಮ್ಮಣ್ಣಂಗೆ ಒಂದೆರಡು ಮಾತು ಹೇಳೋದಿದೆ. ಬೈಕಿಗೆ ಅಂತ ಇಟ್ಕೊಂಡಿದ್ದೆ, ಸುಮ್ನೆ ಹಾಳಾಗತ್ತೆ."